ಚಪ್ಪಲಿ ಬಿಟ್ಟ ಕಾಲಿಗೆ ಸಿಕ್ಕ ದೋಷ

ಗ್ಯಾರೇಜಿಗೆ ಗಾಡಿ ತಂದವನ ಮಾತು ಪೂರ್ತಿ ಕೇಳಬೇಕು, ನಂಬಬಾರದು. ಕೇಳದಿದ್ದರೆ ಅವನಿಗೆ ಸಿಟ್ಟು, ನಂಬಿದರೆ ನಮಗೆ ಕೇಡು. ನಾನು ಶಿಗ್ಗಾವಿಯ ಹೆದ್ದಾರಿ ಬದಿಯಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡಿ ಮುದುಕಿಯಾದವಳು. ಈಗ ಬೆರಳು ನಡುಗುತ್ತವೆ, ಸಣ್ಣ ಪಿನ್ನು ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ಬಿಟ್ಟಿದ್ದೇನೆ. ಮೊಮ್ಮಗಳು ಐಟಿಐ ಸೇರಿದ್ದಾಳೆ. ಅವಳ ಜೊತೆ ಕಲಿಯುವವರಿಗೂ ಬೇಕಾಗುತ್ತದೆ ಅಂತ, "ಆಯಿ, ನೀ ಮಾಡಿದ್ದನ್ನ ಬರದಿಡು" ಅಂದಳು. ನಾನು ಓದಿದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದರೆ ಅವಳೇ ತಿದ್ದಲಿ.

ಈ ಕೆಲಸಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ನಮ್ಮ ಯಜಮಾನರು ಡೈನಮೋ ರಿಪೇರಿ ಮಾಡುತ್ತಿದ್ದರು. ಅದರೊಳಗಿನ ತಾಮ್ರದ ತಂತಿ ಸುತ್ತುವ ಕೆಲಸ ಬೇಸರದ್ದು. ಅದನ್ನು ಮನೆಗೆ ತಂದು ನನ್ನ ಮುಂದೆ ಇಡುತ್ತಿದ್ದರು. ಸುತ್ತಿದವಳು ನಾನು, ಹೆಸರು ಅವರದು. ಆಮೇಲೆ ಅವರು ಬ್ಯಾಟರಿ ಮಾರುವ ಅಂಗಡಿ ಹಾಕಿ ಕುರ್ಚಿ ಹಿಡಿದರು, ನಾನು ಹೆದ್ದಾರಿ ಬದಿಯ ರಿಪೇರಿ ಶೆಡ್ಡಿಗೆ ಬಂದೆ. ಅಲ್ಲಿ ಸವಣೂರಿನ ದಾದಾಪೀರ್ ವಸ್ತಾದರು ಇದ್ದರು. ವೈರಿಂಗ್ ಕಲಿಸಿದವರು ಅವರು. ಹೊಗಳುವ ಅಭ್ಯಾಸ ಅವರಿಗೆ ಇರಲಿಲ್ಲ, ಬಯ್ಯುವ ಅಭ್ಯಾಸ ಇತ್ತು. ಅವರದು ಒಂದೇ ಕಟ್ಟುನಿಟ್ಟು: "ಯಾಂವ ಬ್ಯಾನಿ ಅಂತ ಬಂದಾನ, ಅವನ ಕೈಲೇ ಬ್ಯಾನಿ ತೋರಿಸ್ಬೇಕು. ನೀ ಒತ್ತಿ ನೋಡಬ್ಯಾಡ. ನಿನ್ನ ಕೈಗೆ ಅದು ಸಿಗಂಗಿಲ್ಲ."

ಡ್ರೈವರುಗಳು ಸುಳ್ಳು ಹೇಳುತ್ತಾರೆ, ಅವರ ಕೈಲೇ ಮಾಡಿಸಿದರೆ ಸಿಕ್ಕಿಬೀಳುತ್ತಾರೆ, ಅದಕ್ಕೆ ಹೀಗೆ ಹೇಳುತ್ತಾರೆ ಎಂದು ನಾನು ತಿಳಿದಿದ್ದೆ. ಬಹಳ ವರ್ಷ ಹಾಗೇ ತಿಳಿದಿದ್ದೆ.

ಈಗ ಸೆನ್ಸರಿನ ವಿಷಯ. ಮೊದಲಿನ ಲಾರಿಗಳಲ್ಲಿ ಆಕ್ಸಲರೇಟರ್ ಪೆಡಲ್ ಒತ್ತಿದರೆ ಒಂದು ಸಲಾಕೆ ಹೋಗಿ ಡೀಸೆಲ್ ಪಂಪನ್ನು ನೇರವಾಗಿ ಎಳೆಯುತ್ತಿತ್ತು. ಒತ್ತಿದಷ್ಟು ಡೀಸೆಲ್, ಬಿಟ್ಟರೆ ಬಂದ್. ನಡುವೆ ಯಾರೂ ಇರಲಿಲ್ಲ. ಆಮೇಲೆ ಬಂದ ಗಾಡಿಗಳಲ್ಲಿ ನಡುವೆ ಒಬ್ಬ ದಲಾಲಿ ಬಂದ. ಪೆಡಲಿನ ಕೇಬಲ್ ಒಂದು ಸಣ್ಣ ತೋಳನ್ನು ಎಳೆಯುತ್ತದೆ, ತೋಳಿನ ಬುಡದಲ್ಲಿ ಒಂದು ಕರಿ ಡಬ್ಬಿ. ಕಾಲು ಎಷ್ಟು ಒತ್ತಿದೆ ಎಂಬುದನ್ನು ಆ ಡಬ್ಬಿ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಡೀಸೆಲ್ ಬಿಡುತ್ತದೆ. ಆ ಡಬ್ಬಿಯೇ ಥ್ರಾಟಲ್ ಪೊಸಿಷನ್ ಸೆನ್ಸರ್. ಈಗ ಆ ಗಾಡಿಗಳೇ ಹಳೆಯವಾಗಿವೆ. ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಗೋವಿನಜೋಳ, ಹತ್ತಿ, ಭತ್ತ ಹೊರುವುದು ಹೆಚ್ಚಾಗಿ ಅವೇ.

ಡಬ್ಬಿಯ ಒಳಗೆ ದೊಡ್ಡ ಗುಟ್ಟೇನಿಲ್ಲ. ಕರಿ ಪಟ್ಟಿ ಒಂದು, ಅದರ ಮೇಲೆ ಜಾರುವ ತಾಮ್ರದ ಬೆರಳು ಒಂದು. ಹಳೆಯ ರೇಡಿಯೋದ ದನಿ ಏರಿಸುವ ಗುಂಡಿ ನೋಡಿದ್ದೀರಲ್ಲ, ದಿನಾ ಇಡುವ ಜಾಗದಲ್ಲೇ ಅದು ಕರಕರ ಅನ್ನುತ್ತದೆ, ಒಂದು ಕೂದಲೆಳೆ ಆಚೆ ಈಚೆ ತಿರುವಿದರೆ ಸುಮ್ಮನಾಗುತ್ತದೆ. ಇದೂ ಅದೇ ಜಾತಿ. ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ಅಲ್ಲೇ ಸವೆಯುತ್ತದೆ.

ಹೊರಗೆ ಮೂರು ವೈರು. ಒಂದರಲ್ಲಿ ಐದು ವೋಲ್ಟ್ ಬರುತ್ತದೆ, ಒಂದು ಅರ್ಥ್, ಮೂರನೆಯದು ಸುದ್ದಿ ಒಯ್ಯುವ ವೈರು. ಕಾಲು ಬಿಟ್ಟಾಗ ಸುದ್ದಿಯ ವೈರಿನಲ್ಲಿ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ಒತ್ತಿದಾಗ ನಾಲ್ಕರ ಮೇಲೆ. ನಡುವೆ ಎಲ್ಲೂ ಮುಗ್ಗರಿಸದೆ ಏರಬೇಕು.

ಗಾಡಿಯ ದೋಷ ಓದುವ ಸ್ಕ್ಯಾನರ್ ಹಚ್ಚಿದಾಗ ಅದು ಸೆನ್ಸರಿನ ಹೆಸರು ತೋರಿಸಿದರೆ ಸೆನ್ಸರೇ ಕೆಟ್ಟಿತು ಎಂದು ತಿಳಿಯಬೇಡಿ. ಆ ದಾರಿಯಲ್ಲಿ ಎಲ್ಲೋ ಏನೋ ಆಗಿದೆ ಎಂದು ಅದು ಹೇಳುತ್ತದೆ, ಅಷ್ಟೇ. ದಸರೆಯ ಖಂಡೇಪೂಜೆ ಮುಗಿದ ವಾರ ನಮ್ಮ ಶೆಡ್ಡಿನ ಮುಂದೆ ಲಾರಿಗಳ ಸಾಲು ನಿಲ್ಲುತ್ತಿತ್ತು. ಪೂಜೆಗೆಂದು ಪಂಪು ಹಚ್ಚಿ ಇಂಜಿನ್ ತೊಳೆಯುತ್ತಾರೆ, ಆಮೇಲೆ ಅದರ ನೆತ್ತಿಯ ಮೇಲೇ ಕಾಯಿ ಒಡೆಯುತ್ತಾರೆ. ಕಾಯಿನೀರು ಪ್ಲಗ್ಗಿನ ಒಳಗಿಳಿದು ಪಿನ್ನು ಹಸಿರು ಹಿಡಿಯುತ್ತದೆ. ಅದನ್ನು ಒರೆಸಿ ಕಳಿಸಬೇಕಾದಲ್ಲಿ ಹೊಸ ಸೆನ್ಸರ್ ಹಾಕಿ ಕಳಿಸಿದವರಿದ್ದಾರೆ. ಕಾಯಿ ಚಕ್ರದ ಮುಂದೆ ಒಡೆಯಿರಿ ಎಂದರೆ, "ಇಂಜಿನ್ನಿಗೆ ಮಾಡಬೇಕಲ್ರಿ ಪೂಜಿ, ಚಕ್ರ ಏನ್ ಎಳೀತೈತಿ?" ಅನ್ನುತ್ತಿದ್ದರು. ಗೋವಿನಜೋಳದ ಕಾಲದಲ್ಲಿ ಇಲಿ. ಕಾಳಿಗೆ ಬಂದ ಇಲಿ ಕ್ಯಾಬಿನ್ನಿನ ಅಡಿಯ ವೈರನ್ನೂ ರುಚಿ ನೋಡುತ್ತದೆ. ಅದಕ್ಕೆ ಮೊದಲು ಐದು ವೋಲ್ಟ್ ಬರುತ್ತಿದೆಯೋ ನೋಡಿ, ಅರ್ಥ್ ಗಟ್ಟಿ ಇದೆಯೋ ನೋಡಿ, ಆಮೇಲೆ ಸೆನ್ಸರಿನ ಮೇಲೆ ಸಂಶಯಪಡಿ. ವೈರಿನ ಮೈಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದ ಮಳೆಗಾಲದಲ್ಲಿ ನೀರು ಹೋಗುತ್ತದೆ. ಪ್ಲಗ್ಗಿನ ಬೆನ್ನ ಕಡೆಯಿಂದ ಹೊಲಿಗೆ ಸೂಜಿ ಇಳಿಸಿ, ಸೂಜಿಗೆ ಮೀಟರ್ ಹಚ್ಚಿ.

ಮೀಟರ್ ಅಂದರೆ ಮುಳ್ಳಿನದು. ಅಂಕಿ ತೋರಿಸುವ ಮೀಟರ್ ಒಂದಂಕಿ ತೋರಿಸಿ ಇನ್ನೊಂದು ತೋರಿಸುವುದರ ನಡುವೆ ಏನಾಯಿತು ಎಂಬುದನ್ನು ಮುಚ್ಚಿಡುತ್ತದೆ. ಮುಳ್ಳು ಮುಚ್ಚಿಡುವುದಿಲ್ಲ, ಬಿದ್ದರೆ ಕಣ್ಣೆದುರೇ ಬೀಳುತ್ತದೆ.

ಇಷ್ಟು ಗೊತ್ತಿದ್ದೂ ನಾನು ಪೇಚಿಗೆ ಬಿದ್ದದ್ದು ಶಿವಪುತ್ರಪ್ಪ ಸಾವಕಾರರ ಲಾರಿಯಲ್ಲಿ. ಸಾವಕಾರರು ಹಾನಗಲ್ಲಿನವರು. ಗೋವಿನಜೋಳದ ವ್ಯಾಪಾರ, ಇದ್ದದ್ದು ಒಂದೇ ಲಾರಿ. ಅದರ ಡ್ರೈವರ್ ಫಕೀರಪ್ಪ, ಹಿರೇಕೆರೂರು ಕಡೆ ಅಬಲೂರಿನವನು. ಹಾನಗಲ್ಲಿನಲ್ಲಿ ಲೋಡು ಮಾಡಿ, ಶಿಗ್ಗಾವಿ ದಾಟಿ, ತಡಸದ ಮೇಲೆ ಹುಬ್ಬಳ್ಳಿಗೆ ಒಯ್ಯುವುದು ಅವನ ಕೆಲಸ. ಆ ದಿನ ಲೋಡಿನ ಗಾಡಿಯಲ್ಲಿ ಇಬ್ಬರೂ ಬಂದರು. ಸಾವಕಾರರು ಇಳಿಯುತ್ತಲೇ ಶುರು ಮಾಡಿದರು.

"ಅಕ್ಕಾರ, ಗಾಡಿ ಚೆಕ್ ಮಾಡೂದು ಬ್ಯಾಡ್ರಿ. ಇವನ್ನ ಚೆಕ್ ಮಾಡ್ರಿ."

"ಮನಶ್ಯಾನ್ನ ಅಳಿಯೋ ಮೀಟರ್ ನನ್ನ ಕಡೆ ಇಲ್ರಿ ಸಾವಕಾರ್ರ," ಅಂದೆ. "ಗಾಡಿಗೆ ಏನಾಗೈತಿ?"

"ಏನೂ ಆಗಿಲ್ಲ. ನಾ ಹೊಡದ್ರ ಕುದರಿ ಹಂಗ ಹೋಗತೈತಿ. ಇಂವ ಹೊಡದ್ರ ತಡಸದಾಗ ನಿಲ್ಲತೈತಿ. ಯಾವಾಗ್ಲೂ ತಡಸದಾಗ, ಅದೂ ಢಾಬಾದ ಮುಂದ. ಗಾಡಿಗೆ ಢಾಬಾ ಗುರ್ತ ಹತ್ತತೈತೇನ್ರಿ?"

ಈ ಮಾತಿನ ಅರ್ಥ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆದ್ದಾರಿಯಲ್ಲಿ ಕೆಲವು ಕಡೆ ಲಾರಿ ನಿಂತರೆ ಹಿಂದಿನಿಂದ ಪೈಪು ಬರುತ್ತದೆ, ಟ್ಯಾಂಕಿನ ಡೀಸೆಲ್ ಕ್ಯಾನಿಗೆ ಇಳಿಯುತ್ತದೆ. ಗಾಡಿ ಕೆಟ್ಟಿತ್ತು ಎನ್ನುವುದು ಹಳೆಯ ನೆಪ.

ಫಕೀರಪ್ಪ ಬಾಗಿಲಿನ ಹತ್ತಿರ ನಿಂತಿದ್ದ. ನಡುವಯಸ್ಸಿನವನು, ಮಾತು ಕಡಿಮೆ. ನಾನು ಕೇಳಿದ ಮೇಲೆ ಹೇಳಿದ: "ಕಾಲು ಇಟ್ಟಲ್ಲೇ ಇರತೈತ್ರಿ ಅವ್ವಾರ. ಇಂಜಿನ್ನ ಇದ್ದಕ್ಕಿದ್ದಂಗ ಉಸರ ಬಿಟ್ಟ ಬಿಡತೈತಿ. ಆಮ್ಯಾಲೆ ಎಷ್ಟ ಒತ್ತಿದ್ರೂ ಏಳಂಗಿಲ್ಲ. ಬದಿಗೆ ಹಚ್ಚಿ, ಕೀ ಬಂದ್ ಮಾಡಿ, ಒಂದ ಚಾ ಕುಡ್ಯೂದ್ರಾಗ ಸರಿ ಆಗಿರತೈತ್ರಿ."

"ಚಾ," ಅಂದರು ಸಾವಕಾರರು ನನ್ನ ಕಡೆ ತಿರುಗಿ. "ಕೇಳಿದ್ರಿಲ್ಲೋ? ಚಾ."

ಹಿಂದಿನ ದಿನ ಅವರು ಹಾನಗಲ್ಲಿನ ಲಾರಿ ಸ್ಟ್ಯಾಂಡಿನಲ್ಲಿ ನಿಂತು, ಎಲ್ಲ ಡ್ರೈವರುಗಳ ಎದುರಿಗೆ ಇವನನ್ನು ಡೀಸೆಲ್ ಕಳ್ಳ ಎಂದು ಕರೆದಿದ್ದರು. ಲೈಸೆನ್ಸ್ ಕಿತ್ತುಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದರು. ಆ ಮಾತು ನಿಂತರೆ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಫಕೀರಪ್ಪನ ಕೈಗೆ ಯಾರೂ ಕೀ ಕೊಡುವುದಿಲ್ಲ. ಡ್ರೈವರಿಗೆ ಬೇರೆ ಕಸುಬು ಬರುವುದಿಲ್ಲ. ಅವನು ಬಾಗಿಲಿನಿಂದ ಕದಲದೆ ನನ್ನ ಕೈಯನ್ನೇ ನೋಡುತ್ತಿದ್ದ.

ನನಗೂ ಅವನ ಮೇಲೆ ಸಂಶಯವಿತ್ತು. ಬೇನೆ ಬಂದಾಗಲೆಲ್ಲ ಒಂದೇ ಊರು, ಒಂದೇ ಢಾಬಾ. ವೈರಿಗೆ ಊರು ಗೊತ್ತಿರುವುದಿಲ್ಲ. ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡಿದೆ. ಸುತ್ತಲೂ ಹೊಸ ಗೀರುಗಳಿದ್ದವು. ಪೈಪು ತುರುಕಿದರೂ ಗೀರು ಬೀಳುತ್ತವೆ, ಮಾಲಕ ದಿನಾ ಕೋಲು ಹಾಕಿ ಅಳೆದರೂ ಬೀಳುತ್ತವೆ. ಮುಚ್ಚಳ ಬಿಟ್ಟು ಮೀಟರ್ ತಂದೆ.

ಐದು ವೋಲ್ಟ್ ಸರಿ ಇತ್ತು. ಅರ್ಥ್ ಗಟ್ಟಿ ಇತ್ತು. ಪಿನ್ನು ಸ್ವಚ್ಛ. ಇಲಿ ಕಡಿದಿರಲಿಲ್ಲ. ಸುದ್ದಿಯ ವೈರಿಗೆ ಸೂಜಿ ಇಳಿಸಿ, ಮುಳ್ಳಿನ ಮೀಟರ್ ಹಚ್ಚಿ, ಬಾಗಿಲಿನಿಂದ ಕಾಣುವ ಹಾಗೆ ಬಂಪರಿನ ಮೇಲೆ ಇಟ್ಟೆ. ಇಂಜಿನ್ ಚಾಲೂ ಮಾಡಿಸಿದೆ.

"ನಾನ ಒತ್ತತೇನಿ," ಎಂದು ಸಾವಕಾರರು ಹತ್ತಿ ಕೂತರು. ಕಾಲಲ್ಲಿ ಬೂಟು. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಮುಳ್ಳು ಸರ್ರನೆ ಏರಿತು, ಸರ್ರನೆ ಇಳಿಯಿತು. ಎಲ್ಲೂ ಮುಗ್ಗರಿಸಲಿಲ್ಲ.

"ನೋಡಿದ್ರಿ?"

"ನೋಡಿದೆ. ಇಳೀರಿ. ಫಕೀರಪ್ಪ, ನೀ ಹತ್ತು."

ಫಕೀರಪ್ಪ ಚಪ್ಪಲಿಯನ್ನು ಕೆಳಗೆ ಬಿಟ್ಟ. ಹತ್ತುವ ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತಿದ. ನಮ್ಮ ಕಡೆ ಹಳೆಯ ಡ್ರೈವರುಗಳು ಎಲ್ಲರೂ ಹಾಗೇ, ಗಾಡಿಯೊಳಗೆ ಬರಿಗಾಲು. ಲಕ್ಷ್ಮಿ ಇದ್ದಲ್ಲಿ ಚಪ್ಪಲಿ ಮೆಟ್ಟಬಾರದು ಎನ್ನುತ್ತಾರೆ. ಅದು ಬರಿ ಶಾಸ್ತ್ರ ಎಂದು ನಾನು ಅಂದುಕೊಂಡಿದ್ದೆ. ಅವನು ಪೆಡಲಿನ ಮೇಲೆ ಕಾಲಿಟ್ಟದ್ದು, ಹಾಲು ಉಕ್ಕದ ಹಾಗೆ ಒಲೆಯ ಉರಿ ಸಣ್ಣ ಮಾಡುತ್ತಾರಲ್ಲ, ಹಾಗೆ. ಮೆಲ್ಲಗೆ ಒತ್ತಿ ಒಂದು ಜಾಗದಲ್ಲಿ ನಿಲ್ಲಿಸಿದ. ಇಂಜಿನ್ನಿನ ನಡುಕಕ್ಕೆ ಮುಳ್ಳು ಒಂದೆರಡು ಸಲ ಅದುರಿತು, ಆಮೇಲೆ ದೊಪ್ಪನೆ ಸೊನ್ನೆಗೆ ಬಿತ್ತು. ಇಂಜಿನ್ ಉಸಿರು ಬಿಟ್ಟಿತು.

ನನಗೆ ಸಮಾಧಾನವಾಯಿತು, ಸಿಕ್ಕಿತು ಅಂತ. ಸಾವಕಾರರಿಗೆ ನನಗಿಂತ ಹೆಚ್ಚು ಸಮಾಧಾನವಾಯಿತು.

"ಸಿಕ್ಕ," ಅಂದರು. "ಗಾಡಿ ಒಂದ, ಪೆಡಲ್ ಒಂದ, ಮೀಟರ್ ನಿಮ್ಮದು. ನಾ ಒತ್ತಿದ್ರ ಬೀಳಲಿಲ್ಲ, ಇಂವ ಒತ್ತಿದ್ರ ಬಿತ್ತು. ಕಾಲಾಗ ಏನೋ ಕಲಾ ಮಾಡ್ಯಾನ. ಲೇ ಫಕೀರಪ್ಪ, ಇನ್ನ ಏನ್ ಹೇಳ್ತಿ?"

ಪಕ್ಕದ ಟೈರಿನ ಅಂಗಡಿಯವರು ಬಂದು ನಿಂತಿದ್ದರು. ಅವರೂ ತಲೆ ಆಡಿಸಿದರು. ಮಾತು ನೇರವಾಗಿಯೇ ಇತ್ತು. ಇಷ್ಟು ಹೊತ್ತು ಬರಿ ಸಾವಕಾರರ ಸಂಶಯ ಇತ್ತು, ಈಗ ನನ್ನ ಮೀಟರೇ ಸಾಕ್ಷಿ ಹೇಳಿದ ಹಾಗಾಯಿತು. ಫಕೀರಪ್ಪ ಕೆಂಡ ತುಳಿದವನ ಹಾಗೆ ಕಾಲು ಹಿಂದೆ ತೆಗೆದುಕೊಂಡ.

ಆಗ ವಸ್ತಾದರ ಮಾತು ನೆನಪಾಯಿತು. ನಿನ್ನ ಕೈಗೆ ಅದು ಸಿಗಂಗಿಲ್ಲ. ಅವರು ಡ್ರೈವರುಗಳ ಸುಳ್ಳಿನ ವಿಷಯ ಹೇಳಿರಲಿಲ್ಲ. ಕಾಲಿನ ವಿಷಯ ಹೇಳಿದ್ದರು.

"ಸಾವಕಾರ್ರ, ಬೂಟು ಬಿಚ್ರಿ."

"ಯಾಕ?"

"ಬಿಚ್ಚಿ ಹತ್ತರಿ."

"ನಾ ಮಾಲಕ ಅದೀನ್ರಿ ಅಕ್ಕಾರ."

"ಪೆಡಲಿಗೆ ಅದು ಗೊತ್ತಿಲ್ರಿ."

ಬಿಚ್ಚಿದರು. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು, ಅದನ್ನೂ ಬಿಚ್ಚಿಸಿದೆ. ಟೈರಿನ ಅಂಗಡಿಯವರು ಆಚೆ ತಿರುಗಿ ನಕ್ಕರು. "ಕೀ ಬಂದ್ ಮಾಡಿ ಚಾಲೂ ಮಾಡ್ರಿ. ಈಗ ಒತ್ತರಿ. ಅಡ್ಯಾಗ ಇರುವಿ ಐತಿ ಅಂತ ತಿಳೀರಿ, ಅದು ಸಾಯಬಾರದು, ಹಂಗ. ಇನ್ನೊಂದ ಚೂರು. ನಿಲ್ಲಸ್ರಿ. ಹಂಗ ಇಡ್ರಿ, ಮಾತಾಡಬ್ಯಾಡ್ರಿ."

ಮುಳ್ಳು ಅದುರಿತು, ಬಿತ್ತು. ಇಂಜಿನ್ ಉಸಿರು ಬಿಟ್ಟಿತು. ಸಾವಕಾರರು ಕೀ ಬಂದ್ ಮಾಡಿ ಚಾಲೂ ಮಾಡಿ ಮತ್ತೆ ಒತ್ತಿದರು. ಮತ್ತೆ ಬಿತ್ತು. ಆಮೇಲೆ ನಾನು ಹೇಳದೆಯೇ ಇನ್ನೊಮ್ಮೆ ಮಾಡಿ ನೋಡಿದರು. ಆ ಸಲ ಮುಳ್ಳು ಬಿದ್ದಾಗ ಅವರು ನನ್ನ ಮುಖವನ್ನೂ ನೋಡಲಿಲ್ಲ, ಫಕೀರಪ್ಪನ ಮುಖವನ್ನೂ ನೋಡಲಿಲ್ಲ.

ಬೂಟಿನ ಕಾಲು ಸವೆದ ಜಾಗವನ್ನು ಜಿಗಿದು ಹೋಗುತ್ತದೆ, ಅದಕ್ಕೆ ದೋಷ ಸಿಗುವುದಿಲ್ಲ. ಬರಿಗಾಲು ಅಲ್ಲೇ ನಿಲ್ಲುತ್ತದೆ. ಶಿಗ್ಗಾವಿ ದಾಟಿದ ಮೇಲೆ ರಸ್ತೆ ಸರಾಗ, ಫಕೀರಪ್ಪ ಕಾಲನ್ನು ಒಂದೇ ಕಡೆ ಇಟ್ಟರೆ ತಡಸದ ತನಕ ಎತ್ತುತ್ತಿರಲಿಲ್ಲ. ಅಷ್ಟು ದೂರದ ನಡುಕಕ್ಕೆ ಡಬ್ಬಿಯೊಳಗಿನ ಬೆರಳು ಸವೆದ ಜಾಗಕ್ಕೆ ಸರಿಯುವ ಹೊತ್ತಿಗೆ ತಡಸದ ಢಾಬಾ ಬಂದಿರುತ್ತಿತ್ತು. ವರ್ಷಗಟ್ಟಲೆ ಹಾಗೆ ಓಡಿಸಿದ್ದ. ಅಡ್ಡಾದಿಡ್ಡಿ ಓಡಿಸುವವನಾಗಿದ್ದರೆ ಪಟ್ಟಿ ಎಲ್ಲ ಕಡೆ ಒಂದಿಷ್ಟು ಸವೆದು ಇನ್ನೂ ಬಾಳುತ್ತಿತ್ತೇನೋ. ನೆಟ್ಟಗೆ ಓಡಿಸಿದ ಕಾಲೇ ಅದನ್ನು ಒಂದು ಕಡೆ ತಿಂದು ಹಾಕಿತ್ತು. ಆಮೇಲೆ ಡಬ್ಬಿ ಕೊಯ್ದು ನೋಡಿದೆ. ಕರಿ ಪಟ್ಟಿಯಲ್ಲಿ ಜೋಳದ ಕಾಳಿನಷ್ಟು ಜಾಗ ಬೆಳ್ಳಗಾಗಿತ್ತು.

ಸಾವಕಾರರ ಸಂಶಯ ಅಷ್ಟಕ್ಕೆ ಸಾಯಲಿಲ್ಲ, ಫಕೀರಪ್ಪನನ್ನು ಬಿಟ್ಟು ನನ್ನ ಮೇಲೆ ಬಂತು. "ಮಾಲು ನೀವು ತರಸಬ್ಯಾಡ್ರಿ, ನಾ ತರತೇನಿ," ಎಂದು ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು. ಮರುದಿನ ತಂದ ಡಬ್ಬಿ ಹೊಸ ಪೊಟ್ಟಣದಲ್ಲಿತ್ತು. ಸ್ಕ್ರೂ ಹಾಕುವ ತೂತಿನ ಸುತ್ತ ಉಂಗುರದ ಹಾಗೆ ಗುರುತು ಇತ್ತು. ಒಮ್ಮೆ ಯಾವುದೋ ಗಾಡಿಯಲ್ಲಿ ಕೂತು ಎದ್ದು ಬಂದ ಮಾಲು. ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ ಇಟ್ಟು, ಅದರ ಪಿನ್ನುಗಳಿಗೆ ಮೀಟರ್ ಹಚ್ಚಿ, ತೋಳು ಕೂರುವ ನಡುವಿನ ಕಚ್ಚನ್ನು ಮೆಲ್ಲಗೆ ತಿರುವಿ ತೋರಿಸಿದೆ. ಮುಳ್ಳು ಎರಡು ಕಡೆ ಬಿತ್ತು. ಹಳೆಯದು ಒಂದೇ ಕಡೆ ಬೀಳುತ್ತಿತ್ತು.

"ಪೊಟ್ಣ ಹೊಸಾದಿತ್ತಲ್ರಿ," ಅಂದರು.

"ಪೊಟ್ಣ ಹೊಸಾದ ಐತ್ರಿ," ಅಂದೆ.

ಹೋಗಿ ಬದಲಿಸಿಕೊಂಡು ಬಂದರು. ಈ ಸಲದ್ದು ಸರಿ ಇತ್ತು. ಹೊಸ ಡಬ್ಬಿ ಕೂರಿಸುವಾಗ ಅವಸರ ಬೇಡ. ಬ್ಯಾಟರಿಯ ಅರ್ಥ್ ಬಿಚ್ಚಿ. ಹಳೆಯ ಸ್ಕ್ರೂ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಕಾಯಿರಿ, ಸುತ್ತಿಗೆಯಿಂದ ಬಡಿದರೆ ತೋಳು ಮುರಿಯುತ್ತದೆ. ತೋಳಿನ ಬುಡ ಡಬ್ಬಿಯ ಕಚ್ಚಿನಲ್ಲಿ ಸರಿಯಾಗಿ ಕೂತ ಮೇಲೆ ಸ್ಕ್ರೂಗಳನ್ನು ಅರ್ಧ ಬಿಗಿದು ನಿಲ್ಲಿಸಿ. ಆಮೇಲೆ ಅರ್ಥ್ ಹಚ್ಚಿ, ಕಾಲು ಬಿಟ್ಟಾಗಿನ ವೋಲ್ಟ್ ನೋಡುತ್ತ ಡಬ್ಬಿಯನ್ನು ಚೂರು ಚೂರೇ ತಿರುವಿ, ಸರಿ ಬಂದಲ್ಲಿ ಪೂರ್ತಿ ಬಿಗಿಯಿರಿ. ಇಂಜಿನ್ ಚಾಲೂ ಮಾಡದೆ ಕೀ ಮಾತ್ರ ಹಾಕಿ, ಪೆಡಲನ್ನು ಮೆಲ್ಲಗೆ ಪೂರ್ತಿ ಒತ್ತಿ, ಮೆಲ್ಲಗೆ ಬಿಡಿ. ಈ ಹಳೆಯ ಗಾಡಿಗಳ ಕಂಪ್ಯೂಟರಿಗೆ ಹೊಸ ಡಬ್ಬಿಯ ತಳ ಎಲ್ಲಿ, ತುದಿ ಎಲ್ಲಿ ಎಂದು ಹಾಗೇ ಪರಿಚಯ ಮಾಡಿಸಬೇಕು. ಮಾಡಿಸದೆ ಕಳಿಸಿದರೆ ಗಾಡಿ ಮರುದಿನ ನಿಮ್ಮ ಬಾಗಿಲಿಗೇ ಬರುತ್ತದೆ, ತಂದವನು ನಿಮ್ಮನ್ನೇ ಕಳ್ಳಿ ಎನ್ನುತ್ತಾನೆ.

ಕೊನೆಗೆ, ಲೋಡು ಇದ್ದ ಗಾಡಿಯಲ್ಲಿ ನೀವೇ ಕೂತು ಹೋಗಬೇಕು. ನಾನು ನಡುವೆ ಕೂತೆ, ಸಾವಕಾರರು ಕಿಟಕಿಗೆ. ಫಕೀರಪ್ಪ ಚಪ್ಪಲಿ ತೆಗೆದು ಸೀಟಿನ ಹಿಂದೆ ಇಟ್ಟು ಗಾಡಿ ಎತ್ತಿದ. ಮೂವರೂ ಇಂಜಿನ್ನಿನ ಸಪ್ಪಳ ಕೇಳುತ್ತಿದ್ದೆವು. ತಡಸ ಹತ್ತಿರವಾದಾಗ ನಾನು ಅವನ ಕಾಲು ನೋಡಿದೆ. ಶಿಗ್ಗಾವಿ ದಾಟಿದಾಗ ಇಟ್ಟಲ್ಲೇ ಇತ್ತು. ಇಂಜಿನ್ ಒಮ್ಮೆಯೂ ಉಸಿರು ಬಿಡಲಿಲ್ಲ. ಢಾಬಾ ಕಂಡಾಗ ಫಕೀರಪ್ಪನೇ ಗಾಡಿಯನ್ನು ಬದಿಗೆ ತೆಗೆದುಕೊಂಡು ನಿಲ್ಲಿಸಿದ.

"ಚಾ ಕುಡ್ಯೂಣ್ರಿ," ಅಂದ.

ಸಾವಕಾರರು ಇಳಿದರು. ಇಳಿದವರು ಚಹದ ಕಡೆ ಹೋಗಲಿಲ್ಲ. ಕಾಲು ತಾನಾಗಿ ಒಯ್ದ ಹಾಗೆ ಟ್ಯಾಂಕಿನ ಹತ್ತಿರ ಹೋಗಿ ಮುಚ್ಚಳದ ಮೇಲೆ ಕೈ ಇಟ್ಟು ತಿರುವಿ ನೋಡಿದರು, ಗಟ್ಟಿ ಇದೆಯೋ ಇಲ್ಲವೋ ಅಂತ. ಫಕೀರಪ್ಪ ಬದಿಯ ಕನ್ನಡಿಯಲ್ಲಿ ಅದನ್ನು ನೋಡಿದ. ನಾನೂ ನೋಡಿದೆ. ಅವನು ಸೀಟಿನ ಹಿಂದಿನಿಂದ ಚಪ್ಪಲಿ ತೆಗೆದು, ಕ್ಯಾಬಿನ್ನಿನ ಒಳಗೇ ಮೆಟ್ಟಿಕೊಂಡ. ಅವನಂಥ ಹಳೆಯ ಡ್ರೈವರ್ ಗಾಡಿಯೊಳಗೆ ಚಪ್ಪಲಿ ಮೆಟ್ಟಿದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಇಳಿದು ಹೋಗಿ ಸಾವಕಾರರ ಮುಂದೆ ಕೈ ಚಾಚಿದ.

"ಲೈಸೆನ್ಸ್ ಕೊಡ್ರಿ."

"ಅಯ್ಯ, ಕೊಡತೇನಿ ತೊಗೊಳೋ. ಸಿಟ್ಟಾಗಬ್ಯಾಡ."

"ಸಿಟ್ಟಿಲ್ರಿ. ಹಾನಗಲ್ ಸ್ಟ್ಯಾಂಡಿನ್ಯಾಗ ನಿಂತು ಕಳ್ಳ ಅಂದ್ರಿ. ಅಲ್ಲೇ ನಿಂತು ಅಲ್ಲ ಅನ್ರಿ. ಆಮ್ಯಾಲೆ ಬರತೇನಿ."

"ಈಗ ಲೋಡು ಯಾರ ಒಯ್ಯಬೇಕಲೇ?"

"ನೀವು ಹೊಡದ್ರ ಕುದರಿ ಹಂಗ ಹೋಗತೈತಲ್ರಿ."

ಕೀ ಅವರ ಅಂಗೈಯಲ್ಲಿಟ್ಟು, ಲೈಸೆನ್ಸ್ ಇಸಿದುಕೊಂಡು, ರಸ್ತೆ ದಾಟಿ, ಆಚೆ ಬದಿ ಬಂದ ಬಸ್ಸು ಹತ್ತಿಬಿಟ್ಟ. ನಾನು ಶಿಗ್ಗಾವಿ ಬಸ್ಸಿಗೆ ಕೈ ಮಾಡುವಾಗ ತಿರುಗಿ ನೋಡಿದೆ. ಸಾವಕಾರರು ಲಾರಿಯ ಮೆಟ್ಟಿಲಿನ ಹತ್ತಿರ ಬಗ್ಗಿ ಬೂಟು ಬಿಚ್ಚುತ್ತಿದ್ದರು. ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ಬಹಳ ದಿನ ಸುದ್ದಿ ಇರಲಿಲ್ಲ. ಒಂದು ದಿನ ಹಾರ್ನಿನ ವೈರು ಕಿತ್ತಿದೆ ಎಂದು ಅದೇ ಗಾಡಿ ಬಂತು. ನಡೆಸುತ್ತಿದ್ದವನು ಫಕೀರಪ್ಪ, ಕಾಲು ಬರಿಗಾಲು.

"ಸ್ಟ್ಯಾಂಡಿನ್ಯಾಗ ಅಂದ್ರೇನೋ ಸಾವಕಾರ್ರು, ಕಳ್ಳ ಅಲ್ಲಂತ?" ಎಂದು ಕೇಳಿದೆ.

"ಅಂದ್ರಂತ್ರಿ. 'ಕಳ್ಳತನಾ ಮಾಡಿದ್ದು ಸೆನ್ಸರ್, ಫಕೀರಪ್ಪ ಅಲ್ಲ' ಅಂದ್ರಂತ. ಸಣ್ಣ ದನೀಲೆ ಅಂದ್ರಂತ. ಹಿಂದ ನಿಂತಾವ್ರಿಗೆ ಅರ್ಧ ಕೇಳಸೇತಿ."

"ಮತ್ತ ಡೀಸೆಲ್? ಖರೇ ಹೇಳು, ಎಂದಾರ ಒಮ್ಮೆ ಮಾರಿದ್ದೇನು?"

ಅವನು ನಕ್ಕ, ಹಾರ್ನು ಒತ್ತಿ ನೋಡಿದ, "ಸರಿ ಆತ್ರಿ ಅವ್ವಾರ," ಎಂದು ಗಾಡಿ ಎತ್ತಿದ. ಟ್ಯಾಂಕಿನ ಮುಚ್ಚಳದ ಗೀರುಗಳು ಯಾರವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸೆನ್ಸರ್ ಕೆಟ್ಟಿತ್ತು, ಅದು ಗೊತ್ತು. ಒಂದು ಖರೆ ಅಂದರೆ ಇನ್ನೊಂದು ಸುಳ್ಳು ಎಂದು ಯಾವ ಮೀಟರೂ ಹೇಳುವುದಿಲ್ಲ.

ಹಿಂದೆ ನಿಂತವರಿಗೆ ಅರ್ಧ ಕೇಳಿಸಿತು ಅಂದನಲ್ಲ, ಆ ಅರ್ಧವೇ ಉಳಿಯಿತು. ಸೆನ್ಸರ್, ಫಕೀರಪ್ಪ. ಹಾನಗಲ್ ಸ್ಟ್ಯಾಂಡಿನಲ್ಲಿ ಅವೆರಡೂ ಒಂದೇ ಆದವು. ಇಂಜಿನ್ ಉಸಿರು ಬಿಟ್ಟರೆ ಡ್ರೈವರುಗಳು ಬಂದು, "ಅವ್ವಾರ, ಗಾಡಿ ಫಕೀರಪ್ಪ ಆಗೈತ್ರಿ," ಅನ್ನತೊಡಗಿದರು. ಸವಣೂರಿನವರೂ ಅಂದರು, ಹಿರೇಕೆರೂರಿನವರೂ ಅಂದರು. ಒಮ್ಮೆ ಫಕೀರಪ್ಪನೇ ಅಂದ.

ಮೊನ್ನೆ ನಮ್ಮ ಶೆಡ್ಡಿಗೆ ಹೊಸ ಡ್ರೈವರ್ ಒಬ್ಬ ಬಂದಿದ್ದ, ಕಾಲಲ್ಲಿ ಬೂಟು. ಫಕೀರಪ್ಪ ಬದಲಿಸಬೇಕು ಎಂದು ಯಾರೋ ಹೇಳಿ ಕಳಿಸಿದ್ದರಂತೆ. ಕುರ್ಚಿಯಲ್ಲಿ ಕೂತ ನನ್ನನ್ನು ಕೇಳಿದ: "ಅಜ್ಜಾರ... ಅಲ್ಲ, ಆಯಾರ, ಈ ಫಕೀರಪ್ಪ ಅನ್ನೂದು ಯಾವ ಕಂಪನಿ ಮಾಲ್ರಿ?"

"ಅಬಲೂರಿನ ಮಾಲು," ಅಂದೆ.

"ಒರಿಜಿನಲ್ಲೋ, ಡುಪ್ಲಿಕೇಟೋ?"

"ಅದನ್ನ ಅಳಿಯೋ ಮೀಟರ್ ನನ್ನ ಕಡೆ ಇಲ್ಲಪಾ," ಅಂದೆ. "ನೀ ಮೊದ್ಲ ಬೂಟು ಬಿಚ್ಚು."